ಶಾಲು ಬೇಡ, ಎರಡು ಕುರ್ಚಿ ಸಾಕು

ಕನ್ನಡದಲ್ಲಿ ಪುಸ್ತಕಗಳು ಬಿಡುಗಡೆಯಾಗುತ್ತವೆ, ಅಷ್ಟೆ. ಆಮೇಲೆ ಅವುಗಳ ಬಗ್ಗೆ ಯಾರೂ ಲೇಖಕರ ಎದುರು ಕೂತು ಮಾತಾಡುವುದಿಲ್ಲ. ವೇದಿಕೆಯ ಮೇಲೆ ಏಳು ಜನ. ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಪ್ರತಿಗಳು, ಆ ರಿಬ್ಬನ್ ಬಿಚ್ಚಲು ಒದ್ದಾಡುವ ಗಣ್ಯರು, ಫೋಟೋದವನು ಹೇಳಿದ ಕಡೆಗೆ ತಿರುಗಿ ಎದೆಯ ಮುಂದೆ ಹಿಡಿದ ಪುಸ್ತಕ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಕೃತಿ ಪರಿಚಯ, ಮುಖ್ಯ ಅತಿಥಿ, ಮತ್ತೊಬ್ಬ ಮುಖ್ಯ ಅತಿಥಿ, ಅಧ್ಯಕ್ಷರು. ಮುಖ್ಯ ಅತಿಥಿಗಳು ಮಾತು ಶುರು ಮಾಡುವುದೇ ‘ಪುಸ್ತಕ ನಿನ್ನೆ ರಾತ್ರಿ ಕೈಸೇರಿತು, ಪೂರ್ತಿ ಓದಲಾಗಲಿಲ್ಲ’ ಎಂದು. ಅದನ್ನು ಅವರು ವಿನಯ ಎಂದುಕೊಂಡಿರುತ್ತಾರೆ, ಸಭಿಕರೂ ಹಾಗೇ ಅಂದುಕೊಳ್ಳುತ್ತಾರೆ. ಕೊನೆಗೆ ಲೇಖಕರ ಸರದಿ ಬರುವಾಗ ಸಮಯದ ಅಭಾವ. ಅವರು ನಾಲ್ಕು ಜನರಿಗೆ ಕೃತಜ್ಞತೆ ಹೇಳಿ ಕೂತರೆ ವಂದನಾರ್ಪಣೆ, ಉಪ್ಪಿಟ್ಟು, ಕಾಫಿ.

ಇದೇ ವ್ಯವಸ್ಥೆಯನ್ನು ನಾವು ಮುಂಬಯಿಗೂ ಪುಣೆಗೂ ದೆಹಲಿಗೂ ಹೊತ್ತು ತಂದಿದ್ದೇವೆ. ಮಾಟುಂಗದ ಮೈಸೂರು ಅಸೋಸಿಯೇಷನ್, ದೆಹಲಿಯ ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘ, ಇವೆಲ್ಲ ಹಿಂದಿನವರು ಬೆವರು ಸುರಿಸಿ ಕಟ್ಟಿದ ಜಾಗಗಳು. ಅವುಗಳ ಬಗ್ಗೆ ಹಗುರವಾಗಿ ಮಾತಾಡುವ ಉದ್ದೇಶ ನನಗಿಲ್ಲ. ನಾಟಕಕ್ಕೆ, ಯಕ್ಷಗಾನಕ್ಕೆ, ಸಂಗೀತಕ್ಕೆ ಸಭಾಂಗಣ ಬೇಕೇ ಬೇಕು. ಆದರೆ ಪುಸ್ತಕಕ್ಕೆ ಮುನ್ನೂರು ಆಸನಗಳ ಸಭಾಂಗಣ ಬೇಡ. ಪುಸ್ತಕಕ್ಕೆ ಬೇಕಾದದ್ದು ಎರಡು ಕುರ್ಚಿ, ಓದಿಕೊಂಡು ಬಂದ ಒಬ್ಬ ಮನುಷ್ಯ, ಸುತ್ತ ಮೂವತ್ತು ಜನ, ಅವರ ಬೆನ್ನ ಹಿಂದೆ ಕಪಾಟು. ಅಂದರೆ ಪುಸ್ತಕದಂಗಡಿ.

ಕಪಾಟಿನ ಮಾತನ್ನು ಅಲಂಕಾರಕ್ಕೆ ಹೇಳಿದ್ದಲ್ಲ. ಲೇಖಕರು ಮನಸ್ಸು ಬಿಚ್ಚಿ ಮಾತಾಡತೊಡಗಿದರೆ ಹತ್ತು ನಿಮಿಷದಲ್ಲಿ ತಮ್ಮ ಪುಸ್ತಕ ಬಿಟ್ಟು ಬೇರೆಯವರ ಪುಸ್ತಕಕ್ಕೆ ಹೋಗುತ್ತಾರೆ. ಯಾವ ಕಥೆ ಓದಿ ಕೈ ನಡುಗಿತು, ಯಾರ ವಾಕ್ಯವನ್ನು ಕದ್ದು ಬರೆದು ಆಮೇಲೆ ಹರಿದು ಹಾಕಿದರು, ಯಾವ ಕಾದಂಬರಿಯ ಮೇಲಿನ ಸಿಟ್ಟಿಗೆ ಈ ಕಾದಂಬರಿ ಹುಟ್ಟಿತು, ಇಂಥವು. ಸಭಾಂಗಣದಲ್ಲಿ ಆ ಹೆಸರುಗಳು ಗಾಳಿಗೆ ಹೋಗುತ್ತವೆ. ಅಂಗಡಿಯಲ್ಲಿ ಕೈಚಾಚಿದರೆ ಆ ಪುಸ್ತಕ ಸಿಗುತ್ತದೆ. ಬರೆಯುವವರ ಓದು ಓದುವವರ ಕೈಗೆ ದಾಟುವ ಇಷ್ಟು ಹತ್ತಿರದ ದಾರಿ ನನಗೆ ಬೇರೆ ಗೊತ್ತಿಲ್ಲ.

ಇದು ಹೊರಗಿನಿಂದ ತಂದ ಫ್ಯಾಷನ್ ಎನ್ನುವವರಿಗೆ ಧಾರವಾಡವನ್ನು ನೆನಪಿಸಬೇಕು. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆಯ ಕಚೇರಿ ಒಂದು ಅಟ್ಟ. ಕೀರ್ತಿನಾಥ ಕುರ್ತಕೋಟಿ ಅಲ್ಲಿನ ಮಾತಿನ ಕೇಂದ್ರ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಬಂದದ್ದು ಆ ಮನೆಯಿಂದ. ಅರ್ಧ ಶತಮಾನದ ನಂತರ ಅವರ ಆತ್ಮಕಥೆ ‘ಆಡಾಡತಾ ಆಯುಷ್ಯ’ವನ್ನು ಪ್ರಕಟಿಸಿದವರೂ ಅವರೇ. ಗ್ರಂಥಮಾಲೆ ನಡೆದದ್ದು ಚಂದಾದಾರರ ಬಲದ ಮೇಲೆ, ಅಂದರೆ ಪುಸ್ತಕ ಬರುವ ಮುಂಚೆಯೇ ದುಡ್ಡು ಕಟ್ಟಿ ಕಾಯುತ್ತಿದ್ದ ಓದುಗರ ಮೇಲೆ. ಅಟ್ಟದ ಮಾತು, ಅಚ್ಚಾದ ಪುಸ್ತಕ, ಕಾದು ಕೂತ ಓದುಗ, ಮೂರೂ ಒಂದೇ ದಾರದಲ್ಲಿದ್ದವು. ನಾವು ಅಟ್ಟದಿಂದ ಇಳಿದು ವೇದಿಕೆ ಹತ್ತಿದೆವು. ಎತ್ತರ ಹೆಚ್ಚಾಯಿತೆಂದು ನಮಗೆ ಅನ್ನಿಸಿರಬೇಕು.

(ಇನ್ನೊಂದು ಬಗೆಯ ಮಾತೂ ಇತ್ತು, ಅದಕ್ಕೆ ಕುರ್ಚಿಯೂ ಬೇಕಿರಲಿಲ್ಲ. ಮುಂಬಯಿಯಲ್ಲಿ ಟಿ.ಎನ್. ಶಾನಭಾಗರು 1948ರಲ್ಲಿ ತೆರೆದ ಸ್ಟ್ರಾಂಡ್ ಬುಕ್ ಸ್ಟಾಲ್, ಬೆಂಗಳೂರಿನಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್. ಗಲ್ಲಾ ಪೆಟ್ಟಿಗೆಯ ಮುಂದೆ ನಿಂತೇ ಮಾತು: ‘ಅದು ಬೇಡ, ಇದು ಓದಿ.’ ಪ್ರೀಮಿಯರ್ 2009ರಲ್ಲಿ ಮುಚ್ಚಿತು, ಸ್ಟ್ರಾಂಡ್ 2018ರಲ್ಲಿ. ಎರಡಕ್ಕೂ ನಾವು ಸೊಗಸಾದ ಶ್ರದ್ಧಾಂಜಲಿ ಬರೆದೆವು. ಅಂಗಡಿ ಬದುಕಿದ್ದಾಗ ಕೊಳ್ಳುವುದಕ್ಕಿಂತ ಸತ್ತಾಗ ಬರೆಯುವುದು ಅಗ್ಗ.)

ಈಗಿನ ಬೆಂಗಳೂರಿಗೆ ಬನ್ನಿ. 2012ರಲ್ಲಿ ಶುರುವಾದ ಅಟ್ಟ ಗಲಾಟ, 2019ರಲ್ಲಿ ಬಂದ ಚಂಪಕ, ಇಂಥ ಸ್ವತಂತ್ರ ಅಂಗಡಿಗಳು ಲೇಖಕರನ್ನು ಕೂರಿಸಿ ಮಾತಾಡಿಸುವ ಪದ್ಧತಿಯನ್ನು ಮತ್ತೆ ಊರಿಗೆ ತಂದವು. ಒಳ್ಳೆಯದೇ ಆಯಿತು. ನನ್ನ ಜಗಳ ಅಂಗಡಿಗಳ ಜೊತೆಗಲ್ಲ, ಈ ಪದ್ಧತಿ ದೇಶದ ದೊಡ್ಡ ಊರುಗಳಲ್ಲೆಲ್ಲ ಬೆಳೆದಿರುವ ರೀತಿಯ ಜೊತೆಗೆ. ಇಂಥ ಮಾತುಕತೆಗೆ ಕನ್ನಡ ಲೇಖಕರು ಬರುವುದು ಯಾವಾಗ? ಇಂಗ್ಲಿಷ್ ಅನುವಾದ ಬಂದ ಮೇಲೆ. ಅಲ್ಲಿಯವರೆಗೆ ಅವರು ಇಲ್ಲವೇ ಇಲ್ಲ. ಜಯಂತ ಕಾಯ್ಕಿಣಿ ದಶಕಗಟ್ಟಲೆ ಮುಂಬಯಿಯ ಚಾಳು, ಲೋಕಲ್ ರೈಲು, ಇರಾನಿ ಹೋಟೆಲುಗಳನ್ನು ಕನ್ನಡದಲ್ಲಿ ಬರೆದರು. ತೇಜಸ್ವಿನಿ ನಿರಂಜನ ಅವರ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದಾಗ, ತನ್ನ ಕಥೆಯನ್ನು ಯಾರೋ ಇಷ್ಟು ಕಾಲದಿಂದ ಬರೆಯುತ್ತಿದ್ದಾರೆಂಬುದು ಆ ಊರಿನ ಬಹುಪಾಲು ಓದುಗರಿಗೆ ತಿಳಿಯಿತು. ಭಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ನಲ್ಲಿರುವ ಹನ್ನೆರಡು ಕಥೆಗಳು ಮೊದಲು ಕನ್ನಡದಲ್ಲಿ ಬಂದದ್ದು 1990ರಿಂದ 2023ರ ನಡುವೆ. ಇಂಟರ್‌ನ್ಯಾಷನಲ್ ಬುಕರ್ ಬಂದದ್ದು 2025ರಲ್ಲಿ. ನಡುವಿನ ಮೂವತ್ತೈದು ವರ್ಷ ಯಾವ ಅಂಗಡಿಯಲ್ಲಿ ಯಾರು ಅವರ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು?

ಹಾಗೆ ಕರೆದ ಮೇಲೆ ಕೇಳುವ ಪ್ರಶ್ನೆಗಳೋ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಅನುವಾದದಲ್ಲಿ ಏನು ಕಳೆದುಹೋಯಿತು? ಜಗತ್ತಿನ ಓದುಗರು ಹೇಗೆ ಸ್ವೀಕರಿಸಿದರು? ಇಂಗ್ಲಿಷಿನಲ್ಲಿ ನಿಮ್ಮನ್ನು ನೀವೇ ಓದಿಕೊಂಡಾಗ ಹೇಗನ್ನಿಸಿತು? ಒಂದೂ ಕನ್ನಡ ವಾಕ್ಯದ ಬಗ್ಗೆ ಅಲ್ಲ. ದೀಪಾ ಭಾಸ್ತಿ ಅನುವಾದದಲ್ಲಿ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಓರೆಯಕ್ಷರಕ್ಕೆ ಹಾಕದೆ, ಅಡಿಟಿಪ್ಪಣಿ ಕೊಡದೆ ಹಾಗೇ ಉಳಿಸಿದರು. ಅದರ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ, ಆಗಬೇಕಾದದ್ದೇ. ಆದರೆ ಅದಕ್ಕೂ ಹಿಂದಿನ ಪ್ರಶ್ನೆ ಒಂದಿದೆ. ಹಾಸನದ ಒಂದು ಮುಸ್ಲಿಂ ಮನೆಯೊಳಗೆ ದಖನಿಯಲ್ಲಿ ನಡೆಯುವ ಜಗಳವನ್ನು ಕನ್ನಡದಲ್ಲಿ ಬರೆಯುವಾಗ ಆ ಹೆಂಗಸಿನ ಬಾಯಿಗೆ ಯಾವ ಕನ್ನಡ ಕೊಡುವುದು? ಪಕ್ಕದ ಮನೆಯವರದೋ, ಶಾಲೆಯ ಪುಸ್ತಕದ್ದೋ, ಇಲ್ಲಾ ಆ ಕಥೆಗಾಗಿಯೇ ಹುಟ್ಟಿದ ಮೂರನೆಯದೋ? ಮೊದಲ ಅನುವಾದ ಅಲ್ಲೇ ಆಗಿಹೋಗಿದೆ, ಇಂಗ್ಲಿಷಿಗೆ ಹೋಗುವ ಮುಂಚೆ. ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಮಾತ್ರ ಉತ್ತರಕ್ಕೆ ಉಪ್ಪು ಖಾರ ಇರುತ್ತದೆ, ಏಕೆಂದರೆ ಉತ್ತರಿಸುವವರು ಆ ಮಾತನ್ನು ಆಡಿ ತೋರಿಸಬಹುದು. ಇಂಗ್ಲಿಷಿನಲ್ಲಿ ಕೇಳಿದರೆ ಅವರು ಅದರ ಬಗ್ಗೆ ವರದಿ ಒಪ್ಪಿಸಬಹುದು, ಅಷ್ಟೆ.

ಈಗ ದುಡ್ಡಿನ ಮಾತು. ಸಾಹಿತ್ಯದವರು ಇದನ್ನು ಎತ್ತಿದರೆ ಮುಖ ತಿರುಗಿಸುತ್ತಾರೆ. ಮುನ್ನೂರು ರೂಪಾಯಿಯ ಪುಸ್ತಕದಲ್ಲಿ ಅಂಗಡಿಗೆ ನೂರು ಉಳಿಯಿತೆಂದೇ ಇಟ್ಟುಕೊಳ್ಳಿ. ಮಾತುಕತೆಗೆ ನಲವತ್ತು ಜನ ಬಂದರು, ಹನ್ನೆರಡು ಪ್ರತಿ ಹೋದವು, ಸಾವಿರದ ಇನ್ನೂರು ರೂಪಾಯಿ. ಅದರಲ್ಲಿ ಚಹಾ, ಮೈಕು, ಇಬ್ಬರು ಹುಡುಗರ ಹೆಚ್ಚುವರಿ ಎರಡು ಗಂಟೆ, ಕುರ್ಚಿ ಹಾಕಲು ಮೇಜು ಸರಿಸಿದ್ದರಿಂದ ನಿಂತುಹೋದ ಸಂಜೆಯ ವ್ಯಾಪಾರ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ನಾವು ಖುಷಿಪಡುತ್ತೇವೆ. ಅದರ ಇನ್ನೊಂದು ಮುಖ ಅಂಗಡಿಯವರಿಗೆ ಗೊತ್ತು: ಬಾಡಿಗೆಯ ಮೇಲೆ ಕಟ್ಟುವ ಶೇಕಡಾ 18ನ್ನು ಯಾವ ಲೆಕ್ಕದಲ್ಲೂ ಹಿಂದಕ್ಕೆ ಪಡೆಯುವಂತಿಲ್ಲ, ಏಕೆಂದರೆ ಮಾರುವ ಸರಕಿಗೆ ತೆರಿಗೆಯೇ ಇಲ್ಲ. ಇಷ್ಟೆಲ್ಲ ಆಗಿ, ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದವರು ಅಲ್ಲೇ ಕೂತು ಫೋನಿನಲ್ಲಿ ಅರವತ್ತು ರೂಪಾಯಿ ಕಡಿಮೆಗೆ ಅದೇ ಪುಸ್ತಕ ತರಿಸಿಕೊಳ್ಳುತ್ತಾರೆ. ಇದನ್ನು ಜಾಣತನ ಅನ್ನುತ್ತಾರಂತೆ. ಉಚಿತವಾಗಿ ಊಟ ಮಾಡಿ ಪಕ್ಕದ ಹೋಟೆಲಿಗೆ ಬಿಲ್ಲು ಕಟ್ಟಿ ಬಂದಂತೆ.

ಹಾಗಾದರೆ ಪ್ರವೇಶಕ್ಕೆ ಪುಸ್ತಕದ ಬೆಲೆಯನ್ನೇ ಟಿಕೆಟ್ ಮಾಡಿ. ಕೊಂಡವರಿಗೆ ಕುರ್ಚಿ. ಮಾತಾಡಿಸುವವರಿಗೆ ಸಂಭಾವನೆ ಕೊಡಿ, ಏಕೆಂದರೆ ಒಳ್ಳೆಯ ಪ್ರಶ್ನೆ ಎರಡು ಬಾರಿ ಓದಿದವರ ಹತ್ತಿರ ಮಾತ್ರ ಇರುತ್ತದೆ, ಎರಡು ಬಾರಿ ಓದುವುದು ಕೆಲಸ. ಲೇಖಕರ ಗೆಳೆಯರನ್ನು ಆ ಕುರ್ಚಿಯಲ್ಲಿ ಕೂರಿಸಬೇಡಿ. ಗೆಳೆಯರು ಹೊಗಳುತ್ತಾರೆ, ಇಲ್ಲವೇ ಇಬ್ಬರೂ ಸೇರಿ ಹಳೆಯ ಹಾಸ್ಟೆಲ್ ಕಥೆ ಹೇಳಿ ನಗುತ್ತಾರೆ.

ಪ್ರಕಾಶಕರು ಇದಕ್ಕೆ ಮುಂದೆ ಬರುವರೇ? ಕನ್ನಡ ಪ್ರಕಾಶನದ ದೊಡ್ಡ ಪಾಲು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡು ಬದುಕಿದೆ. ಆ ಖರೀದಿ ಬೇಕು, ಹಳ್ಳಿಯ ಗ್ರಂಥಾಲಯಕ್ಕೆ ಪುಸ್ತಕ ಹೋಗಬೇಕು. ಆದರೆ ಒಬ್ಬನೇ ಗಿರಾಕಿ, ಅವನೂ ಓದದವನು, ಎಂದಾದಾಗ ಓದುಗನನ್ನು ಹುಡುಕುವ ಅಭ್ಯಾಸ ತಪ್ಪಿಹೋಗುತ್ತದೆ. ಬಿಡುಗಡೆ ಸಮಾರಂಭ ಆ ವ್ಯವಸ್ಥೆಯ ಕೂಸು. ಅಲ್ಲಿ ಬೇಕಾದದ್ದು ಫೋಟೋ, ಗಣ್ಯರು, ಪತ್ರಿಕೆಯಲ್ಲಿ ಒಂದು ಕಾಲಂ. ಓದಿದವರು ಬೇಕಾಗಿಲ್ಲ.

ಹೊರನಾಡಿನ ನಮಗೆ ಇದರಲ್ಲಿ ಇರುವ ಪಾಲು ಒಳನಾಡಿನವರಿಗಿಂತ ದೊಡ್ಡದು. ನಮ್ಮ ಮನೆಗಳಲ್ಲಿ ಕನ್ನಡ ಕೇಳಿ ಅರ್ಥಮಾಡಿಕೊಳ್ಳುವ, ತಕ್ಕಮಟ್ಟಿಗೆ ಆಡುವ, ಆದರೆ ಓದಲಾರದ ಒಂದು ತಲೆಮಾರು ಬೆಳೆದು ನಿಂತಿದೆ. ಪುಣೆಯಲ್ಲಿ ಮರಾಠಿ ಕಲಿತವರು, ಚೆನ್ನೈಯಲ್ಲಿ ತಮಿಳು ಕಲಿತವರು, ದೆಹಲಿಯಲ್ಲಿ ಹಿಂದಿ ಕಲಿತವರು. ಅವರಿಗೆ ಕನ್ನಡ ಅಕ್ಷರ ಬಾಗಿಲು ಮುಚ್ಚಿದ ಮನೆ. ಕನ್ನಡ ಕಾದಂಬರಿಯನ್ನು ಅವರ ಕೈಗಿಟ್ಟರೆ ಪ್ರಯೋಜನವಿಲ್ಲ. ಆದರೆ ಒಬ್ಬ ಕಾದಂಬರಿಕಾರ್ತಿ ತಾನು ಬರೆದದ್ದರಲ್ಲಿ ಎರಡು ಪುಟ ಗಟ್ಟಿಯಾಗಿ ಓದಿ, ಅದು ಹೇಗೆ ಬಂತೆಂದು ಕನ್ನಡದಲ್ಲಿ ಹೇಳಿದರೆ ಅವರು ಅಷ್ಟನ್ನೂ ಹಿಡಿಯಬಲ್ಲರು. ಅಕ್ಷರ ಗೊತ್ತಿಲ್ಲದವರು ಆಧುನಿಕ ಕನ್ನಡ ಸಾಹಿತ್ಯದ ಒಳಗೆ ಕಾಲಿಡಲು ಈ ಮಾತುಕತೆಗಿಂತ ಹತ್ತಿರದ ಬಾಗಿಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ನಡೆಸಿ, ಅಥವಾ ಭಾಷಣದಲ್ಲಿ ಮುಳುಗಿಸಿ, ನಾವೇ ಚಿಲಕ ಹಾಕುತ್ತಿದ್ದೇವೆ.

‘ಮುಂಬಯಿಯಲ್ಲಿ ಕನ್ನಡ ಪುಸ್ತಕ ಇಡುವ ಅಂಗಡಿ ಎಲ್ಲಿದೆ?’ ಎಂದು ಕೇಳುವವರಿಗೆ: ಅಂಗಡಿ ಕನ್ನಡದ್ದೇ ಆಗಬೇಕಿಲ್ಲ. ದೆಹಲಿಯ ಶಾದಿಪುರದಲ್ಲಿ ಲೆಫ್ಟ್‌ವರ್ಡ್‌ನವರು 2012ರಲ್ಲಿ ತೆರೆದ ಮೇ ಡೇ ಒಂದು ಪುಟ್ಟ ಜಾಗ. ಅಲ್ಲಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಮಾತು ನಡೆಯುತ್ತದೆ. ಚೆನ್ನೈಯ ಕೆ.ಕೆ. ನಗರದ ಡಿಸ್ಕವರಿ ಬುಕ್ ಪ್ಯಾಲೇಸ್‌ನಲ್ಲಿ ತಮಿಳು ಲೇಖಕರು ಓದುಗರ ಜೊತೆ ಕೂರುತ್ತಾರೆ, ತಮಿಳಿನಲ್ಲೇ. ನಿಮ್ಮ ಊರಿನ ಇಂಥದ್ದೊಂದು ಅಂಗಡಿಗೆ ಹೋಗಿ ಕೇಳಿ: ತಿಂಗಳಿಗೆ ಒಂದು ಭಾನುವಾರ, ಒಂದೂವರೆ ಗಂಟೆ, ಮೂವತ್ತು ಪ್ರತಿ ನಾವೇ ತರಿಸುತ್ತೇವೆ, ನಿಮ್ಮ ಗಲ್ಲೆಯಲ್ಲೇ ಮಾರಿ, ನಿಮ್ಮ ಪಾಲು ಇಟ್ಟುಕೊಳ್ಳಿ. ಬೇಡ ಎನ್ನುವ ಅಂಗಡಿಯವರು ಕಡಿಮೆ. ಅವರಿಗೂ ಭಾನುವಾರದ ಗಿರಾಕಿ ಬೇಕು.

‘ಹಿರಿಯರಿಗೆ ಗೌರವ ಬೇಡವೇ?’ ಎಂಬ ಆಕ್ಷೇಪ ಬಂದೇ ಬರುತ್ತದೆ. ಲೇಖಕರ ನೂರಾಹದಿನೇಳನೆಯ ಪುಟದಲ್ಲಿ ಒಂದು ಪಾತ್ರ ಯಾಕೆ ಸುಮ್ಮನಾಯಿತು ಎಂದು ಕೇಳುವುದಕ್ಕಿಂತ ದೊಡ್ಡ ಗೌರವ ಯಾವ ಜರತಾರಿ ಶಾಲಿನಲ್ಲಿದೆ? ಶಾಲು ಮನೆಗೆ ಹೋಗಿ ಬೀರುವಿನಲ್ಲಿ ಹತ್ತು ಶಾಲುಗಳ ಕೆಳಗೆ ಮಲಗುತ್ತದೆ. ಸಂಘದ ವಾರ್ಷಿಕ ಬಜೆಟ್ಟಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆಗಳಿಗೆ ಎಷ್ಟು ಹೋಗುತ್ತದೆಂದು ಮುಂದಿನ ಸಭೆಯಲ್ಲಿ ಕೇಳಿ. ಆ ಮೊತ್ತದಲ್ಲಿ ಹುಬ್ಬಳ್ಳಿಯಿಂದ ಒಬ್ಬ ಲೇಖಕಿಯ ರೈಲು ಟಿಕೆಟ್, ಎರಡು ರಾತ್ರಿಯ ಕೋಣೆ, ಮಾತಾಡಿಸುವವರ ಸಂಭಾವನೆ ಎಲ್ಲ ಆಗುತ್ತದೋ ಇಲ್ಲವೋ ಅಲ್ಲೇ ಲೆಕ್ಕ ಹಾಕಿಸಿ.