ಚಿಕ್ಕದು ಮಾಡಿದರೆ ಬಾರ್ಡರ್ ಆಗಲ್ಲ

ಆಕಾರದ ಒಳಗೆ ಇನ್ನೊಂದು ಗೆರೆ ಬೇಕು, ಸುತ್ತಲೂ ಒಂದೇ ಅಂತರದಲ್ಲಿ. ಕೇಳೋಕೆ ಇಷ್ಟೇ. ಆಫೀಸಿನ ರಾಜ್ಯೋತ್ಸವದ ಪೋಸ್ಟರ್ ಮಾಡುವವರಿಂದ ಹಿಡಿದು ಮಗುವಿನ ನಾಮಕರಣದ ಕಾರ್ಡ್ ಮಾಡುವವರ ತನಕ ಹೆಚ್ಚಿನವರು ಮಾಡೋದು ಒಂದೇ: ಆಕಾರವನ್ನು ಕಾಪಿ ಮಾಡಿ, ಶೇ 90ಕ್ಕೆ ಕುಗ್ಗಿಸಿ, ಮಧ್ಯಕ್ಕೆ ತಂದಿಡೋದು. ವೃತ್ತಕ್ಕೂ ಚೌಕಕ್ಕೂ ಇದು ನಡೆಯುತ್ತದೆ. ಅದಕ್ಕೇ ಎಲ್ಲದಕ್ಕೂ ನಡೆಯುತ್ತೆ ಅಂತ ನಂಬಿಬಿಡ್ತೀವಿ.

1000 ಪಿಕ್ಸೆಲ್ ಅಗಲ, 400 ಎತ್ತರದ ಒಂದು ಪಟ್ಟಿ ತಗೊಳ್ಳಿ. ಶೇ 90 ಮಾಡಿದರೆ 900, 360. ಎಡಕ್ಕೂ ಬಲಕ್ಕೂ 50 ಪಿಕ್ಸೆಲ್ ಉಳೀತು, ಮೇಲೂ ಕೆಳಗೂ ಬರೀ 20. ಸಾಫ್ಟ್‌ವೇರ್‌ನದ್ದೇನೂ ತಪ್ಪಿಲ್ಲ. ನೀವು ಕೇಳಿದ್ದು ಚಿಕ್ಕ ಪಟ್ಟಿ, ಅದು ಕೊಟ್ಟಿದ್ದೂ ಚಿಕ್ಕ ಪಟ್ಟಿಯೇ.

ನನ್ನ ಚಿಕ್ಕಪ್ಪನ ಮಗಳು ತನ್ನ ಲಗ್ನಪತ್ರಿಕೆಯನ್ನು ತಾನೇ ಮಾಡ್ಕೊಂಡಳು. ಹೋದ ವರ್ಷ ತೀರಿಕೊಂಡ ನಮ್ಮಜ್ಜಿಯ ರೇಷ್ಮೆ ಸೀರೆಯ ಸೆರಗಿನಲ್ಲಿದ್ದ ಮಾವಿನಕಾಯಿಯ ಫೋಟೋ ತೆಗೆದು, ಅದರ ಮೇಲೆ ಗೆರೆ ಎಳೆದು, ಒಳಗೆ ಹೊಂಬಣ್ಣದ ಬಾರ್ಡರ್ ಕೊಟ್ಟಿದ್ದಳು. ಬೆಳಿಗ್ಗೆ ಪ್ರೆಸ್ಸಿಗೆ ಫೈಲ್ ಹೋಗಬೇಕು, 600 ಕಾರ್ಡು. ಹಿಂದಿನ ರಾತ್ರಿ ವಾಟ್ಸಾಪ್ ಮಾಡಿದಳು: "ಅಕ್ಕಾ, ಅಜ್ಜಿ ಸೀರೇದು ಹಿಂಗಿರ್ಲಿಲ್ಲ ಅನ್ಸುತ್ತೆ. ಏನ್ ತಪ್ಪಾಗಿದೆ ಅಂತ ಗೊತ್ತಾಗ್ತಿಲ್ಲ, ಸ್ವಲ್ಪ ನೋಡೇ." ನೋಡಿದರೆ ಹೊಟ್ಟೆಯ ಕಡೆ ಬಾರ್ಡರ್ ದಪ್ಪ, ಬಾಲ ಸುರುಳಿ ಸುತ್ತುವ ಕಡೆ ಒಳಗೆರೆ ಹೊರಗೆರೆಗೆ ಅಂಟಿಕೊಂಡಿದೆ. ಅವಳ ಕಣ್ಣು ಸರಿಯಾಗೇ ಹಿಡಿದಿತ್ತು, ಕಾರಣ ಮಾತ್ರ ಗೊತ್ತಿರಲಿಲ್ಲ. "ರಂಗೋಲಿಗೆ ಎರಡನೇ ಎಳೆ ಹೆಂಗೆ ಎಳೀತೀಯ?" ಅಂತ ಕೇಳಿದೆ. "ಮೊದಲನೇ ಎಳೆ ಪಕ್ಕದಲ್ಲೇ ಒಂದು ಬೆರಳು ಬಿಟ್ಕೊಂಡು ಹೋಗೋದು." ಅಷ್ಟೇ ವಿಷಯ. ಇಡೀ ರಂಗೋಲಿಯನ್ನು ಕುಗ್ಗಿಸಿ ಒಳಗೆ ಕೂರಿಸಲ್ಲ, ಗೆರೆ ಹೋದಲ್ಲೆಲ್ಲ ಅದರ ಜೊತೆಗೇ ನಡೀತೀವಿ.

ಹಾಗೆ ಜೊತೆಗೆ ನಡೆಯುವ ಟೂಲು ಹಲವು ಸಾಫ್ಟ್‌ವೇರ್‌ಗಳಲ್ಲಿ ಇದೆ, ಹೆಸರು ಮಾತ್ರ ಬೇರೆ. ಇಲಸ್ಟ್ರೇಟರ್‌ನಲ್ಲಿ ಆಬ್ಜೆಕ್ಟ್ ಮೆನು, ಪಾತ್, ಆಫ್‌ಸೆಟ್ ಪಾತ್. ಅಂಕಿಯ ಮುಂದೆ ಮೈನಸ್ ಹಾಕಿದರೆ ಗೆರೆ ಒಳಕ್ಕೆ ಬರುತ್ತದೆ, ಮೂಲ ಆಕಾರ ಹಾಗೇ ಉಳಿಯುತ್ತದೆ. ದುಡ್ಡು ಕೊಡದೆ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಪಾತ್ ಮೆನುವಿನ ಇನ್‌ಸೆಟ್. ಆದರೆ ಅದು ಮೂಲವನ್ನೇ ಕುಗ್ಗಿಸುತ್ತದೆ, ಮೊದಲು ಕಾಪಿ ಮಾಡ್ಕೊಳ್ಳಿ. ನನಗೆ ಇಷ್ಟ ಅಲ್ಲೇ ಇರುವ ಲಿಂಕ್ಡ್ ಆಫ್‌ಸೆಟ್: ಆಮೇಲೆ ಮೂಲ ಆಕಾರ ತಿದ್ದಿದರೂ ಒಳಗಿನ ಗೆರೆ ತಾನೇ ಹಿಂಬಾಲಿಸುತ್ತದೆ. ಫೋಟೋಶಾಪ್ ಆದರೆ ಲೇಯರಿನ ಪುಟ್ಟ ಚಿತ್ರದ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ಸೆಲೆಕ್ಷನ್ ತಗೊಂಡು, ಸೆಲೆಕ್ಟ್, ಮಾಡಿಫೈ, ಕಾಂಟ್ರ್ಯಾಕ್ಟ್. ಗಿಂಪ್‌ನಲ್ಲಿ ಆಲ್ಫಾ ಟು ಸೆಲೆಕ್ಷನ್, ಆಮೇಲೆ ಶ್ರಿಂಕ್. ಬಾರ್ಡರ್ ಅಂಚಿಗೇ ಅಂಟಿಕೊಂಡಿದ್ದರೆ ಸಾಕು ಅನ್ನುವವರಿಗೆ ಇಷ್ಟೂ ಬೇಡ, ಫೋಟೋಶಾಪಿನ ಸ್ಟ್ರೋಕ್‌ನಲ್ಲಿ ಪೊಸಿಷನ್ 'ಇನ್‌ಸೈಡ್' ಮಾಡಿದರೆ ಮುಗೀತು. ಫೋನ್ ಬಿಟ್ಟು ಬೇರೇನೂ ಇಲ್ಲ ಅಂದರೆ ಬ್ರೌಸರ್‌ನಲ್ಲೇ ತೆರೆಯುವ ಫೋಟೋಪಿಯಾದಲ್ಲೂ ಕಾಂಟ್ರ್ಯಾಕ್ಟ್ ಇದೆ. ಹೆಬ್ಬೆರಳಿಗೆ ಸ್ವಲ್ಪ ಕಷ್ಟ, ಅಷ್ಟೇ. ಬಳುಕುವ ಆಕಾರಕ್ಕೆ ಪಾತ್ ದಾರಿಯೇ ವಾಸಿ, ಸೆಲೆಕ್ಷನ್ ದಾರಿಯಲ್ಲಿ ತಿರುವುಗಳು ಗರಗಸದ ಹಲ್ಲಿನ ಹಾಗೆ ಆಗೋದುಂಟು.

ಮೂಲೆ ದುಂಡಗಿರುವ ಡಬ್ಬಿಗಳಲ್ಲಿ ಇನ್ನೊಂದು ಕೊಂಡಿ ಇದೆ. ಹೊರಗಿನ ಮೂಲೆಯ ತ್ರಿಜ್ಯ 40, ಅಂತರ 15 ಇದ್ದರೆ ಒಳಗಿನ ತ್ರಿಜ್ಯ 25 ಆಗಬೇಕು. ಎರಡಕ್ಕೂ 40 ಕೊಟ್ಟರೆ ನೇರ ಬದಿಯಲ್ಲಿ 15 ಇರುವ ಅಂತರ ಮೂಲೆಯಲ್ಲಿ ಸುಮಾರು 21 ಆಗುತ್ತದೆ. ಆಫೀಸಿನ ಎಷ್ಟೋ ಪ್ರೆಸೆಂಟೇಷನ್ ಸ್ಲೈಡುಗಳು ಮಂಕಾಗಿ ಕಾಣೋದು ಇದರಿಂದಲೇ ಅಂತ ನನ್ನ ಅನುಮಾನ.

ಸಪೂರ ಜಾಗಗಳ ಮೇಲೂ ಕಣ್ಣಿರಲಿ. 20 ಪಿಕ್ಸೆಲ್ ಒಳಕ್ಕೆ ಬಂದರೆ, 40ಕ್ಕಿಂತ ಕಿರಿದಾದ ಭಾಗದಲ್ಲಿ ಒಳಗೆರೆಗೆ ಜಾಗವೇ ಇಲ್ಲ, ಅದು ಮಾಯವಾಗುತ್ತದೆ. ಮಾವಿನಕಾಯಿಯ ಬಾಲದ ತುದಿಯಲ್ಲಿ ಆಗಿದ್ದೂ ಅದೇ. "ಅಯ್ಯೋ ಬಾಲ ಹೋಯ್ತಲ್ಲೇ!" ಅಂದಳು. ಅಂತರವನ್ನು 12ಕ್ಕೆ ಇಳಿಸಿದಾಗ ಬಾಲ ವಾಪಸ್ ಬಂತು. ಕರ್ನಾಟಕದ ನಕ್ಷೆ ಮಾಡುವವರು ಉತ್ತರದ ತುದಿಯಲ್ಲಿ ಬೀದರ್ ಕಡೆ ಒಮ್ಮೆ ಜೂಮ್ ಮಾಡಿ ನೋಡಿ.

ಪ್ರಿಂಟಿಗೆ ಹೋಗುವುದಾದರೆ ಇದೆಲ್ಲ ಸರಿ ಮಾಡಿದ ಮೇಲೂ ಕತ್ತರಿಸುವ ಬ್ಲೇಡು ಸ್ವಲ್ಪ ಜರುಗಬಹುದು. ಅಂಚಿನಿಂದ 2 ಮಿ.ಮೀ. ಒಳಗೆ ಗೆರೆ ಇಟ್ಟು ಕಾಗದ 1 ಮಿ.ಮೀ. ಸರಿದರೆ, ಒಂದು ಕಡೆ 1, ಎದುರು ಕಡೆ 3 ಉಳಿಯುತ್ತೆ, ಎಂಥವರಿಗೂ ಕಾಣುತ್ತೆ. ನಾನು 5 ಮಿ.ಮೀ.ಗಿಂತ ಕಡಿಮೆ ಇಡಲ್ಲ. 300 ಡಿಪಿಐನಲ್ಲಿ ಅದು ಸುಮಾರು 59 ಪಿಕ್ಸೆಲ್.

ಅಂತರ ನಿಜವಾಗಿ ಒಂದೇ ಇದೆಯಾ ಅಂತ ನೋಡೋಕೆ ಸುಲಭದ ಉಪಾಯ: ಅಂತರದಷ್ಟೇ ವ್ಯಾಸದ ಪುಟ್ಟ ವೃತ್ತ ಮಾಡಿ, ಎರಡು ಗೆರೆಗಳ ನಡುವೆ ಗೋಲಿ ಉರುಳಿಸಿದ ಹಾಗೆ ಸುತ್ತ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳಬಾರದು, ಎಲ್ಲೂ ಸಡಿಲ ಆಗಬಾರದು. ನೋಡಿದ ಮೇಲೆ ವೃತ್ತವನ್ನು ಡಿಲೀಟ್ ಮಾಡೋದು ಮರೀಬೇಡಿ, ಪ್ರೆಸ್ಸಿನವರು ಅದನ್ನೂ ಪ್ರಿಂಟ್ ಮಾಡಿಬಿಡ್ತಾರೆ.