ಸೀಟಲ್ಲಿರೋರು ಮತ್ತೆ ಗೆಲ್ತಾರಾ? (ಕಟ್ಟೆ ಮಾತು, ಭಾಗ 4)

ಫೋಟೋದಲ್ಲಿರೋದು ನಮ್ಮೂರು ಕತ್ತಲಗೆರೆಯ ಟೀ ಅಂಗಡಿ ಬೆಂಚು. 2028ರ ವಿಧಾನಸಭೆ ಎಲೆಕ್ಷನ್ ಇನ್ನೂ ಬಂದಿಲ್ಲ, ಆದ್ರೆ ಇಲ್ಲಿ ರಿಸಲ್ಟ್ ಬಂದಾಗಿದೆ 😄 "ಈಗಿರೋರು ಮತ್ತೆ ಬರಲ್ಲ ಬಿಡಪ್ಪ, ನಮ್ ಕಡೆ ಯಾರೂ ಎರಡನೇ ಸಲ ಬರಲ್ಲ" ಅಂದ್ರು ಹಿರಿಯರೊಬ್ರು. ಮನೆಗೆ ಬಂದು ಹಳೇ ರಿಸಲ್ಟ್ ತೆಗೆದು ನೋಡ್ದೆ. ಹೆಚ್ಚುಕಮ್ಮಿ ನಿಜಾನೇ.

ಚನ್ನಗಿರಿ ಕ್ಷೇತ್ರ ನೋಡಿ. 1999 ವಡ್ನಾಳ್ ರಾಜಣ್ಣ. 2004 ಮಹಿಮ ಪಟೇಲ್. 2008 ಮಾಡಾಳ್ ವಿರೂಪಾಕ್ಷಪ್ಪ. 2013 ಮತ್ತೆ ರಾಜಣ್ಣ. 2018 ಮತ್ತೆ ವಿರೂಪಾಕ್ಷಪ್ಪ. 2023 ಬಸವರಾಜು ಶಿವಗಂಗಾ. ಬೆನ್ನುಬೆನ್ನಿಗೆ ಎರಡು ಸಲ ಒಬ್ರೂ ಇಲ್ಲ! ಪಕ್ಕದ ಮಾಯಕೊಂಡದಲ್ಲೂ 2008ರಿಂದ ನಾಲ್ಕು ಎಲೆಕ್ಷನ್, ನಾಲ್ಕು ಶಾಸಕರು.

1999ರಲ್ಲಿ ಚನ್ನಗಿರಿಯಲ್ಲಿ ಸೋತವರು ಯಾರು ಗೊತ್ತಾ? ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು, ನಮ್ಮ ತಾಲ್ಲೂಕಿನವರೇ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗಿದ್ದು ಅವರ ಕಾಲದಲ್ಲೇ. ಜಿಲ್ಲೆ ಕೊಟ್ಟವರಿಗೂ ಸೀಟು ಉಳೀಲಿಲ್ಲ.

ರಾಜ್ಯದ ಕಥೆಯೂ ಇದೇ. ಅಧಿಕಾರದಲ್ಲಿದ್ದ ಪಕ್ಷ ಎಲೆಕ್ಷನ್ ಗೆದ್ದು ಮತ್ತೆ ಬಹುಮತ ತಂದಿದ್ದು ಕೊನೇ ಸಲ 1985ರಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ. ಆಗ ನಾವ್ಯಾರೂ ಹುಟ್ಟೇ ಇರಲಿಲ್ಲ.

ಕೆಲವರು "ಒಳ್ಳೇದೇ ಅಲ್ವಾ, ಸೋಲಿನ ಭಯ ಇದ್ರೆ ಕೆಲಸ ಮಾಡ್ತಾರೆ" ಅಂತಾರೆ. ನನಗೆ ಹಾಗನ್ನಿಸಲ್ಲ. ಕೆಲಸ ಮಾಡಿದ್ರೂ ಸೋಲು, ಮಾಡದಿದ್ರೂ ಸೋಲು ಅಂತ ಮೊದಲೇ ಗೊತ್ತಿದ್ರೆ ಭಯ ಎಲ್ಲಿಂದ ಬರುತ್ತೆ? ಏನೇ ಬರೆದ್ರೂ ಫೇಲ್ ಅಂತ ಗೊತ್ತಿರೋ ಪರೀಕ್ಷೆಗೆ ಯಾರು ಓದ್ತಾರೆ? ಏನೇ ಬರೆದ್ರೂ ಪಾಸ್ ಅಂದ್ರೂ ಅಷ್ಟೇ, ಯಾರೂ ಓದಲ್ಲ. ಎರಡೂ ಒಂದೇ.

ಬಿಕಾಂ ಭಾಷೇಲಿ ಹೇಳ್ಬೇಕಂದ್ರೆ, ನಾವು ಐದು ವರ್ಷಕ್ಕೊಮ್ಮೆ ಕ್ಯಾಷಿಯರ್ ಬದಲಾಯಿಸ್ತೀವಿ, ಕ್ಯಾಷ್ ಬುಕ್ ಮಾತ್ರ ತೆಗೆದು ನೋಡಲ್ಲ. ಹಾಗಾಗಿ ಸೋತವರು ಐದು ವರ್ಷ ಕಾದು ವಾಪಸ್ ಬರ್ತಾರೆ. ಅಮೆರಿಕದಲ್ಲಿ ಟ್ರಂಪ್ 2020ರಲ್ಲಿ ಸೋತು 2024ರಲ್ಲಿ ಗೆದ್ದಾಗ ಜಗತ್ತೆಲ್ಲ ಬೆರಗಾಯ್ತು. ನಮ್ ಕಡೆ ಅದು ಮಾಮೂಲಿ!

ಹಾಗಂತ ಯಾವಾಗಲೂ ಹೀಗೇ ಆಗ್ಬೇಕಂತಿಲ್ಲ. ಪಕ್ಕದ ಹೊನ್ನಾಳಿಯಲ್ಲಿ ರೇಣುಕಾಚಾರ್ಯ 2004ರಲ್ಲೂ ಗೆದ್ರು, 2008ರಲ್ಲೂ ಗೆದ್ರು. ಇದು ಹಣೆಬರಹ ಅಲ್ಲ, ನಮ್ಮ ಕೈಲಿರೋ ಓಟು.

2023ರಲ್ಲಿ ನನಗೆ ಓಟು ಇರಲಿಲ್ಲ. 2028 ನನ್ನ ಮೊದಲ ವಿಧಾನಸಭೆ ಓಟು, ನಿಮ್ಮಲ್ಲೂ ತುಂಬಾ ಜನರದ್ದು. ಬೆಳಗ್ಗೆ ಬಸ್ ಬಾಗಿಲಲ್ಲಿ ನೇತಾಡ್ಕೊಂಡು ಕಾಲೇಜಿಗೆ ಹೋಗೋರು ನಾವು. ಆದ್ರೆ ಇನ್ನೊಂದು ಬಸ್ ಬೇಕು ಅಂತ ಒಂದು ಅರ್ಜಿ ಬರೆದಿದೀವಾ? ನಾನಂತೂ ಬರೆದಿಲ್ಲ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತೆ. ನಮ್ಮೂರಿಗೆ ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯ್ತು ಅಂತ ಮಾಹಿತಿ ಹಕ್ಕಲ್ಲಿ ಕೇಳೋಕೆ 10 ರೂಪಾಯಿ ಶುಲ್ಕ ಸಾಕು. ಒಂದು ಟೀ ದುಡ್ಡು.

ಲೆಕ್ಕ ಸರಿ ಇದ್ರೆ ಅದೇ ವ್ಯಕ್ತಿಗೆ ಎರಡನೇ ಸಲ ಓಟು ಹಾಕೋಕೂ ನಾನು ರೆಡಿ. ಸರಿ ಇಲ್ದಿದ್ರೆ ಬದಲಾಯಿಸೋಣ, ಆದ್ರೆ ಕಾರಣ ಹೇಳಿ ಬದಲಾಯಿಸೋಣ.

ನಿಮ್ಮ ಊರಿಗೆ ಮೊದಲು ಆಗ್ಬೇಕಾದ ಒಂದು ಕೆಲಸ ಯಾವುದು? ಕಾಮೆಂಟಲ್ಲಿ ಬರೀರಿ. ಅರ್ಜಿ ನಾನು ಟೈಪ್ ಮಾಡ್ತೀನಿ, ಸಹಿ ಎಲ್ಲರೂ ಹಾಕೋಣ 🙏

#ಕಟ್ಟೆಮಾತು #ಕತ್ತಲಗೆರೆ #ಚನ್ನಗಿರಿ #ಮೊದಲಓಟು