ಹೊಟ್ಟೆ ಬಂತು, ಆಟದ ಬಯಲು ಎಲ್ಲಿ ಹೋಯ್ತು?

ಹೊಟ್ಟೆ ಮುಂದೆ ಬಂದವರನ್ನು ಕಂಡು ‘ಸಾವ್ಕಾರ್ರು ಚೆನ್ನಾಗವ್ರೆ’ ಅನ್ನುವ ಕಾಲ ಮಂಡ್ಯದಲ್ಲಿ ಒಂದಿತ್ತು. ಈಗ ಹೊಟ್ಟೆ ಬರಲು ಸಾವುಕಾರನೇ ಆಗಬೇಕಿಲ್ಲ. ಗುಮಾಸ್ತನಿಗೂ ಇದೆ, ಆಟೋದವನಿಗೂ ಇದೆ, ಆರನೇ ಕ್ಲಾಸಿನ ಹುಡುಗನಿಗೂ ಇದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. 2015-16ರಲ್ಲಿ ಕರ್ನಾಟಕದ ಗಂಡಸರಲ್ಲಿ ತೂಕ ಮೀರಿದವರು ನೂರಕ್ಕೆ 22. 2019-21ರ ಹೊತ್ತಿಗೆ 31! ಹೆಂಗಸರಲ್ಲಿ 23 ಇದ್ದದ್ದು 30ಕ್ಕೇರಿತು.

ತಾತ ಉಂಡದ್ದು ಕಮ್ಮಿಯೇನಲ್ಲ. ಎರಡು ಮುದ್ದೆ, ಸೊಪ್ಪಿನ ಸಾರು. ಆದರೆ ಉಂಡದ್ದನ್ನೆಲ್ಲ ಗದ್ದೆ ವಸೂಲು ಮಾಡಿಕೊಳ್ಳುತ್ತಿತ್ತು. ಕಬ್ಬು ಕಡಿ, ಹೊರೆ ಹೊರು, ಸಂತೆಗೆ ನಡಿ. ಅಪ್ಪ ಸೈಕಲ್ ತುಳಿದ. ಮಗನಿಗೆ ಬೀದಿ ತುದಿಯಿಂದ ಹಾಲು ತರಲೂ ಸ್ಕೂಟರ್ ಬೇಕು. ಮೊಮ್ಮಗನಿಗೆ ಬಾಗಿಲಿಗೇ ಸ್ಕೂಲ್ ವ್ಯಾನು, ಕೈಯಲ್ಲಿ ಮೊಬೈಲು, ಸಂಜೆಗೆ ಗೋಬಿ ಮಂಚೂರಿ. ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಬೆಳೆಸಿಕೊಟ್ಟ ವಿ.ಸಿ. ಫಾರಂ ಇರುವ ಜಿಲ್ಲೆಯಲ್ಲೇ ಮುದ್ದೆ ಕಂಡು ಮೂಗು ಮುರಿಯುವ ಮಕ್ಕಳಿದ್ದಾರೆ.

ಇಷ್ಟು ಹೇಳಿದರೆ ಸಾಕು, ‘ಈಗಿನ ಹುಡುಗರು ಸೋಮಾರಿಗಳು’ ಎಂದು ತೀರ್ಪು ಕೊಡಲು ಹಿರಿಯರು ರೆಡಿ. ಆದರೆ ಓಡಲು ಜಾಗ ಎಲ್ಲಿ ಬಿಟ್ಟಿದ್ದೀರಿ ಸ್ವಾಮಿ? ಚಿನ್ನಿದಾಂಡು ಆಡುತ್ತಿದ್ದ ಖಾಲಿ ಸೈಟುಗಳಲ್ಲಿ ಮನೆ ಎದ್ದಿವೆ. ಫುಟ್‌ಪಾತ್ ಮೇಲೆ ಅಂಗಡಿ ಸಾಮಾನು, ಬೈಕು. ಹೆಂಗಸರು ಸಂಜೆ ನಡೆಯಲು ಹೊರಟರೆ ಬಡಾವಣೆಯ ಬೀದಿದೀಪ ಉರಿಯುವುದಿಲ್ಲ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮಹಡಿ ಮನೆಯಲ್ಲಿ ನಡೆಯುವ ಶಾಲೆಗಳಿಗೆ ಅಂಗಳವೇ ಇಲ್ಲ. ಮೈದಾನ ಇದ್ದ ಕಡೆ ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗುತ್ತಾರೆ. ಮಕ್ಕಳು ದಿನಕ್ಕೊಂದು ಗಂಟೆಯಾದರೂ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲಿ, ಮೆಟ್ಟಿಲ ಮೇಲೆಯೇ?

ಬೊಜ್ಜು ಒಂಟಿಯಾಗಿ ಬರುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಎದೆನೋವನ್ನು ಜೊತೆಗೆ ಕರೆತರುತ್ತದೆ. ದುಡಿಯುವ ಗಂಡಸು ನಲವತ್ತಕ್ಕೇ ಹಾಸಿಗೆ ಹಿಡಿದರೆ ಮನೆ ನಡೆಸುವವರ್ಯಾರು? ಮಾತ್ರೆಯ ಖರ್ಚಿಗೆ ಯಾರ ಮುಂದೆ ಕೈಯೊಡ್ಡಬೇಕು?

ಉಪದೇಶ ಸಾಕು. ಶಾಲಾ ಮೈದಾನಗಳ ಗೇಟು ಸಂಜೆ ಆರರ ನಂತರವೂ ತೆರೆದಿರಲಿ. ನಗರಾಡಳಿತ ಫುಟ್‌ಪಾತ್ ಬಿಡಿಸಲಿ, ದೀಪ ಹಾಕಿಸಲಿ. ಅಪ್ಪಂದಿರೂ ಸ್ಕೂಟರ್ ಕೀಲಿಯನ್ನು ಮೊಳೆಗೆ ನೇತುಹಾಕಿ, ಹಾಲಿಗೆ ನಡೆದೇ ಹೋಗಲಿ. ಸಕ್ಕರೆ ನಾಡಿನ ಸಕ್ಕರೆ ಕಬ್ಬಿನಲ್ಲಿರಲಿ, ಮಕ್ಕಳ ರಕ್ತದಲ್ಲಿ ಬೇಡ.